ಹೊಸ್ತಿಲೊಳಗಿನ ಹುಯ್ಯಲು

ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಬದಿಗೋ ಕೆರೆಯ ಏರಿಯ ಮೇಲೋ ನಿಂತ ವೀರಗಲ್ಲುಗಳನ್ನು ನೋಡದವರು ಅಪರೂಪ. ಎಣ್ಣೆ ಬತ್ತಿಯಿಂದ ಕಪ್ಪಾಗಿ, ಮಳೆ ಬಿಸಿಲಿಗೆ ಸವೆದು, ಕೆಲವೆಡೆ ಬಟ್ಟೆ ಒಗೆಯುವ ಕಲ್ಲಾಗಿ ಹೋಗಿದ್ದರೂ ಅವು ನಮ್ಮ ನಾಡಿನ ಚರಿತ್ರೆಯ ನಂಬತಕ್ಕ ಸಾಕ್ಷಿಗಳು. ಕನ್ನಡ ನಾಡಿನ ವೀರಗಲ್ಲುಗಳ ಶಾಸನಗಳಲ್ಲಿ ಮೂರು ಮಾತುಗಳು ಮೇಲಿಂದ ಮೇಲೆ ಬರುತ್ತವೆ: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ಮೊದಲನೆಯದು ದನಗಳ ಅಪಹಾರ. ಎರಡನೆಯದು ಊರಿನ ನಾಶ. ಮೂರನೆಯದು ಹೆಣ್ಣಿನ ಹುಯ್ಯಲು, ಎಂದರೆ ಸುಲಿಗೆಗಾರರ ಕೈಗೆ ಸಿಕ್ಕ ಹೆಂಗಸರ ಕೂಗು. ಆ ಕೂಗನ್ನು ಕೇಳಿದವನು ಆಯುಧ ಹಿಡಿದು ಓಡತಕ್ಕದ್ದು. ಓಡಿ ಮಡಿದರೆ ಅವನ ನೆನಪಿಗೆ ಕಲ್ಲು ನಿಲ್ಲತಕ್ಕದ್ದು. ಹೆಣ್ಣಿನ ಕೂಗಿಗೆ ಓಗೊಡುವುದು ಊರಿನ ಧರ್ಮವೆಂದು ನಮ್ಮ ಹಿರಿಯರು ಹೀಗೆ ಕಲ್ಲಿನ ಮೇಲೆಯೇ ಬರೆದಿಟ್ಟಿದ್ದಾರೆ.

ಆದರೆ ಈ ಕಲ್ಲುಗಳು ಊರ ಹೊರಗಿನಿಂದ ಬಂದ ಶತ್ರುವನ್ನು ಕುರಿತವು. ಮನೆಯ ಹೊಸ್ತಿಲೊಳಗೆ, ಕಟ್ಟಿಕೊಂಡ ಗಂಡನ ಕೈಯಿಂದಲೇ ಪೆಟ್ಟು ತಿಂದು ಕೂಗಿದವಳ ಹುಯ್ಯಲಿಗೆ ಓಡಿಬಂದವನ ಹೆಸರಿನಲ್ಲಿ ನಿಲ್ಲಿಸಿದ ಕಲ್ಲನ್ನು ನಾನು ಎಲ್ಲಿಯೂ ಕಂಡಿಲ್ಲ. ಅಂಥ ಕೂಗು ಆ ಕಾಲದಲ್ಲಿ ಇರಲೇ ಇಲ್ಲವೆಂದು ತಿಳಿಯಲು ಕಾರಣವಿಲ್ಲ. ಅದು ಊರಿನ ಸಂಗತಿಯಾಗಿರಲಿಲ್ಲ, ಅಷ್ಟೆ. ಮನೆಯೊಳಗಿನ ಆ ಕೂಗು ಮೆಲ್ಲಮೆಲ್ಲಗೆ ಊರಿನ ಸಂಗತಿಯಾಗುತ್ತ ಬಂದುದು ಹೇಗೆ, ಅದನ್ನು ಕೇಳುವ ಕಿವಿಗಳು ಕಾಲಕಾಲಕ್ಕೆ ಯಾವುವಾಗಿದ್ದವು, ಅವು ಏನನ್ನು ಕೇಳಿಸಿಕೊಂಡವು, ಏನನ್ನು ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ವಿಚಾರ ಮಾಡುವುದೇ ಇಲ್ಲಿಯ ಉದ್ದೇಶ.

ಇದಕ್ಕಾಗಿ ಮುಂಬಯಿ, ಬೆಂಗಳೂರುಗಳಂಥ ಮಹಾನಗರಗಳನ್ನು ಬಿಟ್ಟು ಮೂರು ಸಾಮಾನ್ಯ ಊರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೇನೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಇದೇ ಕ್ರಮದಲ್ಲಿ ಬರುತ್ತವೆ. ಹಾವೇರಿಯ ಹೆಸರು ಏಲಕ್ಕಿ ಹಾರದೊಡನೆ ಕೂಡಿದ್ದು. ಬ್ಯಾಡಗಿಯದು ಕೆಂಪು ಮೆಣಸಿನಕಾಯಿಯೊಡನೆ. ರಾಣೆಬೆನ್ನೂರಿನದು ಹತ್ತಿ ಮತ್ತು ಬಿತ್ತನೆಯ ಬೀಜಗಳೊಡನೆ. ಮಠ, ಸಂತೆ, ಅಡತಿ ಅಂಗಡಿ, ಬಸ್ಸು ನಿಲ್ದಾಣ ಇವಿಷ್ಟರ ಸುತ್ತ ಬೆಳೆದ ಪೇಟೆಗಳು. ಇಲ್ಲಿ ನಡೆದುದು ನಾಡಿನ ನೂರಾರು ಪೇಟೆಗಳಲ್ಲಿ ನಡೆದುದಕ್ಕಿಂತ ಬೇರೆಯಲ್ಲ. ಆದುದರಿಂದಲೇ ಇವುಗಳ ಕಥೆ ನಮ್ಮೆಲ್ಲರ ಕಥೆ.

ಪೆಟ್ಟು ತಿಂದ ಹೆಂಗಸಿನ ಮಾತನ್ನು ಮೊಟ್ಟಮೊದಲು ಕೇಳಿದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಬೀಸುವ ಕಲ್ಲು ಎಂದು ನಾನು ಹೇಳಿಯೇನು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದಾಗ ಓದುಬಲ್ಲ ಕನ್ನಡಿಗರಿಗೆ ಒಂದು ಹೊಸ ಲೋಕ ತೆರೆದಂತಾಯಿತು. ತವರಿನ ಹಂಬಲ, ಮಕ್ಕಳ ಮೇಲಿನ ಮಮತೆ, ಅತ್ತೆ ನಾದಿನಿಯರ ಕಾಟ ಇವೆಲ್ಲವನ್ನೂ ಹೆಂಗಸರು ನಸುಕಿನ ಕತ್ತಲೆಯಲ್ಲಿ ಕಲ್ಲಿನ ಮುಂದೆ ಕುಳಿತು ಹಾಡಿಕೊಂಡಿದ್ದರು. ಕಲ್ಲಿನ ಸದ್ದಿನಲ್ಲಿ ಮಾತು ಮುಚ್ಚಿಹೋಗುತ್ತಿತ್ತು. ಜೊತೆಗೆ ಗೂಟ ಹಿಡಿದು ಕುಳಿತ ನೆರೆಯವಳಿಗೆ ಮಾತ್ರ ಅದು ಕೇಳುತ್ತಿತ್ತು. ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ರಟ್ಟೆಯ ನೋವು ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಅದರೊಡನೆ ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಗುಟ್ಟು ಹೇಳಿಕೊಳ್ಳುವ ಒಂದು ತಾಣವೂ ಹೋಯಿತೆಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಲ್ಲಿನ ನಂತರದ್ದು ತವರುಮನೆ. ಮೈಮೇಲೆ ಬಾಸುಂಡೆ ಹೊತ್ತು ಬಂದ ಮಗಳನ್ನು ತಾಯಿ ಎದೆಗೊತ್ತಿಕೊಳ್ಳುತ್ತಿದ್ದಳು, ಅರಿಸಿನ ಹಚ್ಚುತ್ತಿದ್ದಳು. ಎಂಟು ದಿನ, ಹೆಚ್ಚೆಂದರೆ ಒಂದು ತಿಂಗಳು. ಆಮೇಲೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ತನ್ನ ಕೆಲಸ ಮಾಡುತ್ತಿತ್ತು. ಮದುವೆಗಿರುವ ತಂಗಿಯರ ಗತಿಯೇನು, ನೆರೆಹೊರೆಯವರು ಏನೆಂದಾರು ಎಂಬ ಚಿಂತೆ ತಂದೆಯನ್ನು ಕಾಡುತ್ತಿತ್ತು. ಕೊನೆಗೆ ಅಣ್ಣನೋ ಮಾವನೋ ಜೊತೆಯಾಗಿ ಅವಳನ್ನು ಮತ್ತೆ ಅದೇ ಹೊಸ್ತಿಲಿಗೆ ಮುಟ್ಟಿಸಿ ಬರುತ್ತಿದ್ದ. ತವರು ಆಸರೆಯೇನೋ ಹೌದು. ಆದರೆ ಅವಧಿಯುಳ್ಳ ಆಸರೆ.

ಮೂರನೆಯದು ಹಿರಿಯರ ಕಟ್ಟೆ. ಜಗಳ ಹಿರಿದಾಗಿ ಬೀದಿಗೆ ಬಂದರೆ ಎರಡೂ ಕಡೆಯ ನಾಲ್ಕು ಮಂದಿ ಹಿರಿಯರು ಕೂಡುತ್ತಿದ್ದರು. ಇವರನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಅವರ ನ್ಯಾಯಕ್ಕೆ ಮುದ್ರೆಯ ಕಾಗದ ಬೇಡ, ವಕೀಲರ ಫೀಜು ಬೇಡ, ವಾಯಿದೆಯ ಮೇಲೆ ವಾಯಿದೆ ಇಲ್ಲ. ಎರಡು ಮನೆತನಗಳ ಒಳಹೊರಗನ್ನು ಬಲ್ಲವರಾದುದರಿಂದ ಅವರ ಮುಂದೆ ಸುಳ್ಳು ಹೇಳುವುದೂ ಸುಲಭವಲ್ಲ. ಬಾಳುವೆ ಸಾಗದೆಂದು ಖಚಿತವಾದಾಗ ಹಲವು ಸಮುದಾಯಗಳಲ್ಲಿ ‘ಸೋಡಚೀಟಿ’ ಬರೆಸಿ ಬಿಡುಗಡೆ ಮಾಡಿಸುವ ರೂಢಿಯಿತ್ತು. ಹಾಗೆ ಬಿಡುಗಡೆಯಾದವಳಿಗೆ ‘ಉಡಿಕೆ’ಯ ಮೂಲಕ ಮತ್ತೊಂದು ಸಂಸಾರ ಕಟ್ಟಿಕೊಳ್ಳುವ ದಾರಿಯೂ ಇತ್ತು. ೧೮೮೪ರಲ್ಲಿ ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ ಅಚ್ಚಾದ ಧಾರವಾಡ ಜಿಲ್ಲೆಯ ಗೆಜೆಟಿಯರು ಜಾತಿಜಾತಿಯ ನಡೆನುಡಿಗಳನ್ನು ವಿವರಿಸುವಾಗ ಇಂಥ ರೂಢಿಗಳನ್ನು ಗುರುತಿಸಿದೆ. ಮೇಲುಜಾತಿಯೆಂದು ಹೆಮ್ಮೆಪಡುವ ಮನೆಗಳಲ್ಲಿ ಇಲ್ಲದ ಬಿಡುಗಡೆ ದುಡಿದು ತಿನ್ನುವವರ ಮನೆಗಳಲ್ಲಿ ಇತ್ತೆಂಬುದು ಗಮನಿಸತಕ್ಕ ಮಾತು.

ಹಾಗಾದರೆ ಕೊರತೆಯೆಲ್ಲಿ? ಹಿರಿಯರು ಕೂಡುತ್ತಿದ್ದುದು ಒಡೆದ ಸಂಸಾರವನ್ನು ನಿಲ್ಲಿಸಲೆಂದು. ಒಡೆದ ತಲೆಯನ್ನು ವಿಚಾರಿಸಲೆಂದಲ್ಲ. ಅವರ ಮುಖ್ಯ ಔಷಧ ‘ಬುದ್ಧಿ ಹೇಳುವುದು’. ಗಂಡನಿಗೆ ಒಂದು ಮಾತು, ಹೆಂಡತಿಗೆ ಹತ್ತು ಮಾತು. ಅಡಿಗೆ ತಡವಾಯಿತೆ, ಎದುರು ಮಾತನಾಡಿದೆಯಾ, ಹೇಳದೆ ಕೇಳದೆ ಹೊರಗೆ ಹೋದೆಯಾ ಎಂದು ಅವಳನ್ನೇ ವಿಚಾರಿಸುವುದು. ಕಾರಣ ಸಿಕ್ಕಿತೆಂದರೆ ಪೆಟ್ಟಿಗೆ ಅರ್ಥ ಸಿಕ್ಕಂತೆ. ಕಟ್ಟೆಯ ಮೇಲೆ ಕುಳಿತವರೆಲ್ಲ ಗಂಡಸರು. ಅವಳು ಕೆಳಗೆ, ಸೆರಗು ಬಾಯಿಗೆ ಹಚ್ಚಿಕೊಂಡು ನಿಂತವಳು. ಅತ್ತೆಯ ಮನೆಯ ಗುಟ್ಟನ್ನು ಅಷ್ಟು ಜನರ ಮುಂದೆ ಅವಳು ಬಿಚ್ಚಿ ಹೇಳುವುದಾದರೂ ಹೇಗೆ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯೊಂದಿಗೆ ಸಭೆ ಮುಗಿಯುತ್ತಿತ್ತು. ಈ ಗಾದೆ ಎಷ್ಟೋ ಸಣ್ಣ ಮುನಿಸುಗಳನ್ನು ನಗೆಯಲ್ಲಿ ಕರಗಿಸಿದೆ, ನಿಜ. ಉಂಡು ಮಲಗಿದವಳು ಮತ್ತೆ ಏಳದೆ ಹೋದ ಮನೆಗಳನ್ನೂ ಅದೇ ಗಾದೆ ಮುಚ್ಚಿಟ್ಟಿದೆ.

ಸಂಸಾರದ ಕಟ್ಟಿನಿಂದ ಆಚೆ ಬರಲು ಮತ್ತೊಂದು ದಾರಿ ಭಕ್ತಿಯದು. ಗಂಡನ ಮನೆಯನ್ನು ತೊರೆದು ನಡೆದ ಅಕ್ಕಮಹಾದೇವಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿನ ತಿಪ್ಪರಸನ ಕೈಹಿಡಿದ ಹರಿದಾಸ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮ, ಗಂಡನ ಒಪ್ಪಿಗೆ ಪಡೆದು, ಅವನಿಗೆ ಇನ್ನೊಂದು ಮದುವೆಯಾಗಲು ಬಿಟ್ಟು, ತಾನು ದೇವರ ಸೇವೆಯಲ್ಲಿ ನಿಂತಳೆಂದು ಸಂಪ್ರದಾಯ ಹೇಳುತ್ತದೆ. ಗಂಡನನ್ನು ಮನೆಯಲ್ಲಿಯೇ ಬಿಟ್ಟು ಬಂದವಳನ್ನು ಜನ ಕೈಮುಗಿದು ಕಂಡ ಸಂದರ್ಭಗಳು ಇವು. ಆದರೆ ದೇವರ ಹೆಸರಿನಲ್ಲಿ ಹೊರಟವಳಿಗೆ ಸಿಕ್ಕ ಆ ಗೌರವ ಜೀವ ಉಳಿಸಿಕೊಳ್ಳಲು ಹೊರಟವಳಿಗೆ ಸಿಕ್ಕಲಿಲ್ಲ. ಮಹಾತ್ಮರಿಗೆ ತೆರೆದ ಬಾಗಿಲು ಮೆಣಸಿನಕಾಯಿ ಬಿಡಿಸುವ ಕೂಲಿಹೆಂಗಸಿಗೆ ತೆರೆಯದು.

ಇನ್ನು ನ್ಯಾಯಾಲಯದ ಕಥೆ. ಆಂಗ್ಲರ ಆಳಿಕೆಯಲ್ಲಿ ಈ ಮೂರೂ ಊರುಗಳು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಮುಂಬಯಿಯ ಹೈಕೋರ್ಟು ಹೇಳಿದ್ದೇ ಇಲ್ಲಿಯ ಕಾಯಿದೆ. ೧೮೬೦ರ ದಂಡಸಂಹಿತೆಯಲ್ಲಿ ಹೊಡೆತ ಬಡಿತ ಅಪರಾಧವೇ. ಹೊಡೆದವನು ಗಂಡನಾದರೆ ವಿನಾಯಿತಿ ಎಂದು ಅದರಲ್ಲಿ ಬರೆದಿರಲಿಲ್ಲ. ಬರೆಯದಿದ್ದರೂ ಪೊಲೀಸು ಚೌಕಿಯಲ್ಲಿ ಆ ವಿನಾಯಿತಿ ನಡೆಯುತ್ತಿತ್ತು. ೧೮೭೬ರಲ್ಲಿ ಯಮುನಾಬಾಯಿ ಮತ್ತು ನಾರಾಯಣ ಮೋರೇಶ್ವರ ಪೆಂಡಸೆ ಎಂಬವರ ಮೊಕದ್ದಮೆಯಲ್ಲಿ ಹೈಕೋರ್ಟು ಗಂಡನ ಕ್ರೌರ್ಯವೆಂದರೇನು ಎಂಬುದನ್ನು ವಿಚಾರಿಸಿತು. ಹೆಂಡತಿಯ ಆರೋಗ್ಯಕ್ಕೆ ಇಲ್ಲವೆ ಜೀವಕ್ಕೆ ಅಪಾಯ ತರುವಂಥ ಹಿಂಸೆ, ಅಥವಾ ಅಂಥ ಹಿಂಸೆಯ ತಕ್ಕಷ್ಟು ಭೀತಿ ಇದ್ದಾಗ ಮಾತ್ರ ಅವಳನ್ನು ಗಂಡನ ಮನೆಗೆ ಬಲವಂತದಿಂದ ಕಳಿಸಲಾಗದು ಎಂಬ ಅಳತೆಗೋಲು ಬಿತ್ತು. ಹೆಂಡತಿಗೂ ಒಂದು ಜೀವವಿದೆ ಎಂದು ನ್ಯಾಯಾಸನ ಒಪ್ಪಿಕೊಂಡಿತು. ಆ ಜೀವ ಎಷ್ಟು ಸವೆದಮೇಲೆ ಅವಳು ಬಾಗಿಲು ತಟ್ಟಬಹುದು ಎಂಬುದನ್ನೂ ನಿಶ್ಚಯಿಸಿತು.

ಕೆಲವೇ ವರ್ಷಗಳ ತರುವಾಯ ಮುಂಬಯಿಯಲ್ಲಿ ರಖಮಾಬಾಯಿಯ ಮೊಕದ್ದಮೆ ನಡೆಯಿತು. ಬಾಲ್ಯದಲ್ಲಿ ಕಟ್ಟಿದ ತಾಳಿಗೆ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅವಳು ಗಂಡನ ಮನೆಗೆ ಹೋಗಲೊಪ್ಪಲಿಲ್ಲ. ೧೮೮೫ರಲ್ಲಿ ತೀರ್ಪು ಅವಳ ಕಡೆಗೆ ಆಯಿತು. ಮೇಲ್ಮನವಿಯಲ್ಲಿ ಅದು ಉಳಿಯಲಿಲ್ಲ. ೧೮೮೭ರಲ್ಲಿ ಗಂಡನೊಡನೆ ಇರು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂಬ ಆಜ್ಞೆಯಾಯಿತು. ಸೆರೆಮನೆಯೇ ಲೇಸೆಂದಳು ಆ ಧೀರೆ. ೧೮೮೮ರಲ್ಲಿ ರಾಜಿಯಾಗಿ ಸೆರೆವಾಸ ತಪ್ಪಿತು; ಮುಂದೆ ಅವಳು ವೈದ್ಯೆಯಾಗಿ ಹೆಸರು ಪಡೆದಳು. ಅವಳ ಮಾತು ಪೆಟ್ಟಿನದಲ್ಲ, ಒಪ್ಪಿಗೆಯದು. ಆದರೂ ಆ ಆಜ್ಞೆಯ ನೆರಳು ಪೆಟ್ಟು ತಿಂದು ತವರಿಗೆ ಬಂದವರ ಮೇಲೆಯೂ ಬಿದ್ದಿತು. ಇಂಥ ತೀರ್ಪನ್ನು ಮೀರಿದವರನ್ನು ಸೆರೆಗೆ ಹಾಕುವ ಕ್ರಮ ಹೋದದ್ದು ೧೯೨೩ರಲ್ಲಿ.

ಬಡವರ ಪಾಲಿಗೆ ಉಪಯೋಗಕ್ಕೆ ಬಂದದ್ದು ಜೀವನಾಂಶದ ಕಲಮು. ೧೮೯೮ರ ದಂಡಪ್ರಕ್ರಿಯಾ ಸಂಹಿತೆಯ ೪೮೮ನೆಯ ಕಲಮಿನಂತೆ ಕೈಬಿಟ್ಟ ಹೆಂಡತಿಗೂ ಮಕ್ಕಳಿಗೂ ತಿಂಗಳಿಗೆ ೫೦ ರೂಪಾಯಿಯ ಮಿತಿಯೊಳಗೆ ಮ್ಯಾಜಿಸ್ಟ್ರೇಟರು ಜೀವನಾಂಶ ಕೊಡಿಸಬಹುದಾಗಿತ್ತು. ಆ ಮಿತಿ ೧೯೨೩ರಲ್ಲಿ ೧೦೦ಕ್ಕೂ ೧೯೫೫ರಲ್ಲಿ ೫೦೦ಕ್ಕೂ ಏರಿತು. ೧೯೭೩ರ ಹೊಸ ಸಂಹಿತೆಯಲ್ಲಿ ಕಲಮಿನ ಸಂಖ್ಯೆ ೧೨೫ ಆಯಿತು. ಮಿತಿ ಮಾತ್ರ ಅಷ್ಟೇ ಉಳಿಯಿತು. ಅದು ತೊಲಗಿದ್ದು ೨೦೦೧ರಲ್ಲಿ. ಅಕ್ಕಿಯ ಬೆಲೆ ಎಷ್ಟು ಪಟ್ಟು ಏರಿದರೂ ನಲವತ್ತಾರು ವರ್ಷ ಈ ಐದು ನೂರು ಅಲುಗಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಈ ಭಾಗದ ಕಾಯಿದೆಯ ಚರಿತ್ರೆಯಲ್ಲಿ ಒಂದು ವಿನೋದವೂ ಉಂಟು. ರಾಣೆಬೆನ್ನೂರು ದಾಟಿ ತೆಂಕಣಕ್ಕೆ ಹೋದರೆ ತುಂಗಭದ್ರೆ. ಹೊಳೆಯ ಆಚೆ ಹರಿಹರ, ಮೈಸೂರು ಸಂಸ್ಥಾನ. ಮೈಸೂರಿನ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ ಹರಿಹರದ ಹೆಂಗಸು ಕ್ರೌರ್ಯವೇ ಮೊದಲಾದ ಕಾರಣಗಳಿಗಾಗಿ ಗಂಡನಿಂದ ಬೇರೆ ಇದ್ದು ಜೀವನಾಂಶ ಕೇಳಬಹುದಾಗಿತ್ತು. ಈಚೆಯ ದಂಡೆಯವಳಿಗೆ ಅಂಥ ಕಾಯಿದೆಯ ಆಸರೆ ಬಂದದ್ದು ಹದಿಮೂರು ವರ್ಷಗಳ ಮೇಲೆ, ೧೯೪೬ರ ಕೇಂದ್ರ ಕಾಯಿದೆಯಿಂದ. ಆದರೆ ಅದೇ ೧೯೪೬ರಲ್ಲಿ ಮುಂಬಯಿ ಪ್ರಾಂತ ಹಿಂದೂಗಳ ದ್ವಿಪತ್ನೀತ್ವವನ್ನು ನಿಷೇಧಿಸಿತು. ೧೯೪೭ರಲ್ಲಿ ಗೊತ್ತುಪಡಿಸಿದ ಕಾರಣಗಳ ಮೇಲೆ ವಿಚ್ಛೇದನೆಗೆ ಅವಕಾಶ ಕೊಟ್ಟಿತು. ಈ ಎರಡನ್ನು ಹರಿಹರದವಳು ೧೯೫೫ರ ಹಿಂದೂ ವಿವಾಹ ಕಾಯಿದೆ ಬರುವ ತನಕ ಕಾಯಬೇಕಾಯಿತು. ಒಂದೇ ಹೊಳೆಯ ನೀರು ಕುಡಿದು, ಒಂದೇ ಭಾಷೆಯಲ್ಲಿ ಅಳುತ್ತಿದ್ದ ಇಬ್ಬರು ಹೆಂಗಸರ ಕಣ್ಣೀರಿಗೆ ಎರಡು ಸರಕಾರಗಳ ಎರಡು ಬೆಲೆ! ೧೯೫೬ರ ನವೆಂಬರ್ ೧ರಂದು ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರಿದುವು.

ಮತ್ತೊಂದು ಸಂಗತಿಯನ್ನು ಬಹುಜನ ಅರಿಯರು. ೧೯೫೫ರ ಕಾಯಿದೆಯಲ್ಲಿ ಗಂಡನ ಕ್ರೌರ್ಯ ನ್ಯಾಯಿಕ ಬೇರ್ಪಡೆಗೆ ಮಾತ್ರ ಕಾರಣ, ವಿಚ್ಛೇದನೆಗೆ ಕಾರಣವಲ್ಲ. ಹೊಡೆದ ಗಂಡನಿಂದ ಪೂರ್ತಿ ಬಿಡುಗಡೆ ಕೇಳುವ ಹಕ್ಕು ೧೯೭೬ರ ತಿದ್ದುಪಡಿಯಿಂದ ಬಂದಿತು. ಅಲ್ಲಿಯವರೆಗೆ ಅನಕ್ಷರಸ್ಥ ಹಿರಿಯರು ಬರೆಸಿಕೊಡುತ್ತಿದ್ದ ಸೋಡಚೀಟಿಯೇ ಈ ಒಂದು ವಿಷಯದಲ್ಲಿ ಪಾರ್ಲಿಮೆಂಟಿಗಿಂತ ಮುಂದಿತ್ತೆಂದರೆ ಅತಿಶಯೋಕ್ತಿಯಲ್ಲ. ರೂಢಿಯ ವಿಚ್ಛೇದನೆಯನ್ನು ೧೯೫೫ರ ಕಾಯಿದೆಯೂ ತಳ್ಳಿಹಾಕದೆ ಹಾಗೆಯೇ ಉಳಿಸಿಕೊಂಡಿತು.

ಇಷ್ಟಾದರೂ ಕಾಯಿದೆ ಇದ್ದದ್ದು ಪುಸ್ತಕದಲ್ಲಿ. ಪುಸ್ತಕ ಇದ್ದದ್ದು ಧಾರವಾಡದಲ್ಲಿ. ಜಿಲ್ಲೆಯ ದೊಡ್ಡ ಕಚೇರಿಗಳೆಲ್ಲ ಅಲ್ಲಿ. ರಾಣೆಬೆನ್ನೂರಿನಿಂದ ಅದು ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಕಂಕುಳಲ್ಲಿ ಕೂಸು, ಕೈಯಲ್ಲಿ ಕಾಸಿಲ್ಲ. ದಾರಿಯ ಖರ್ಚಿಗೆ ಗಂಡನನ್ನೇ ಕೇಳಬೇಕಾದವಳು ಗಂಡನ ಮೇಲೆ ಫಿರ್ಯಾದು ಕೊಡಲು ಅಷ್ಟು ದೂರ ಹೋಗುವುದೆಂತು? ನಮ್ಮ ಇತಿಹಾಸಕಾರರು ಕಾಯಿದೆಗಳ ವರ್ಷವನ್ನು ಬರೆಯುತ್ತಾರೆ. ಕಾಯಿದೆಗೂ ಹೊಸ್ತಿಲಿಗೂ ನಡುವಣ ಮೈಲುಗಳನ್ನು ಬರೆಯುವುದಿಲ್ಲ. ನನ್ನ ಎಣಿಕೆಯಲ್ಲಿ ಈ ವಿಷಯದ ನಿಜವಾದ ಚರಿತ್ರೆ ಈ ಮೈಲುಗಳು ಕಡಿಮೆಯಾಗುತ್ತ ಬಂದುದರ ಚರಿತ್ರೆಯೇ.

ಅದಕ್ಕೆ ಮೊದಲು ಜನರ ಕಣ್ಣು ತೆರೆಯಬೇಕಾಗಿತ್ತು. ಲಂಡನ್ನಿನ ಚಿಸ್ವಿಕ್ ಎಂಬಲ್ಲಿ ೧೯೭೧ರಲ್ಲಿ ಎರಿನ್ ಪಿಜ್ಜಿ ಎಂಬಾಕೆ ಪೆಟ್ಟು ತಿಂದ ಹೆಂಗಸರಿಗೂ ಮಕ್ಕಳಿಗೂ ಒಂದು ಆಸರೆಮನೆ ತೆರೆದಾಗ, ಸುಧಾರಿಸಿದ ದೇಶವೆಂದು ನಾವು ಭಾವಿಸಿದ್ದ ಅಲ್ಲಿಯೂ ಇದೇ ಕಥೆ ಎಂಬುದು ಲೋಕಕ್ಕೆ ತಿಳಿಯಿತು. ನಮ್ಮಲ್ಲಿ ಎಪ್ಪತ್ತರ ದಶಕದ ಕೊನೆಯಲ್ಲಿ ವರದಕ್ಷಿಣೆಯ ಸಾವುಗಳ ವಿರುದ್ಧ ಹೆಂಗಸರು ಬೀದಿಗಿಳಿದರು. ಬೆಂಗಳೂರಿನಲ್ಲಿ ‘ವಿಮೋಚನಾ’ ೧೯೭೯ರಲ್ಲಿ ಹುಟ್ಟಿತು. ೧೯೬೧ರ ವರದಕ್ಷಿಣೆ ನಿಷೇಧ ಕಾಯಿದೆ ಕಾಗದದಲ್ಲಿ ಉಳಿದುದನ್ನು ಕಂಡು ಸರಕಾರ ೧೯೮೩ರಲ್ಲಿ ದಂಡಸಂಹಿತೆಗೆ ೪೯೮-ಎ ಕಲಮನ್ನು ಸೇರಿಸಿತು. ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಮೂರು ವರ್ಷದವರೆಗೆ ಸೆರೆವಾಸಕ್ಕೆ ತಕ್ಕ ಅಪರಾಧವಾಯಿತು. ೨೦೨೪ರ ಜುಲೈ ೧ರಿಂದ ಇದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ ೮೫ ಮತ್ತು ೮೬ನೆಯ ಕಲಮುಗಳಲ್ಲಿ ಬಂದಿದೆ.

ಸೆರೆಮನೆಯ ಬಾಗಿಲನ್ನು ತೋರಿಸುವುದು ಬೇರೆ, ಮನೆಯ ಬಾಗಿಲನ್ನು ಸರಿಪಡಿಸುವುದು ಬೇರೆ. ಕಟಕಟೆಯಲ್ಲಿ ನಿಂತ ಗಂಡನನ್ನು ಕಂಡು ಮಕ್ಕಳು ಅಳುತ್ತವೆ. ಕೂಲಿ ತರುವವನು ಒಳಗಾದರೆ ಒಲೆ ಆರುತ್ತದೆ. ಬಹುಮಂದಿ ಹೆಂಗಸರಿಗೆ ಬೇಕಾದದ್ದು ಅವನು ಸೆರೆಗೆ ಹೋಗುವುದಲ್ಲ, ಹೊಡೆತ ನಿಲ್ಲುವುದು. ಈ ನಡುವಣ ದಾರಿಗಾಗಿ ಹುಟ್ಟಿದ್ದು ಆಪ್ತಸಲಹೆ ಎಂದು ನಾವೀಗ ಕರೆಯುವ ಪದ್ಧತಿ. ದುರ್ಗಾಬಾಯಿ ದೇಶಮುಖರು ಮೊದಲ ಅಧ್ಯಕ್ಷರಾಗಿದ್ದ, ೧೯೫೩ರಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಎಂಬತ್ತರ ದಶಕದಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಕುಟುಂಬ ಸಲಹಾ ಕೇಂದ್ರಗಳನ್ನು ನಡೆಸತೊಡಗಿತು. ಆ ಮಂಡಳಿ ೨೦೨೨ರಲ್ಲಿ ಮುಚ್ಚಿತಾದರೂ ಅದು ಬಿತ್ತಿದ ವಿಚಾರ ಉಳಿದಿದೆ.

೧೯೯೭ರ ಆಗಸ್ಟಿನಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾದಾಗ ಮೆರವಣಿಗೆ, ಭಾಷಣ ಎಲ್ಲ ನಡೆದವು. ಜಿಲ್ಲೆಯಾದರೆ ರಸ್ತೆ ಬಂದೀತು, ಕಚೇರಿ ಬಂದೀತು ಎಂದು ಗಂಡಸರು ಲೆಕ್ಕ ಹಾಕಿದರು. ಆದರೆ ನಾನು ಹೇಳಿದ ಆ ಮೈಲುಗಳು ಒಮ್ಮೆಗೇ ಕಡಿಮೆಯಾದದ್ದು ಅಂದೇ. ರಾಣೆಬೆನ್ನೂರಿನವಳಿಗಾಗಲಿ ಬ್ಯಾಡಗಿಯವಳಿಗಾಗಲಿ ಜಿಲ್ಲೆಯ ಕಚೇರಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳಬಹುದಾದಷ್ಟು ಹತ್ತಿರ ಬಂದಿತು. ೨೦೦೦-೦೧ರಲ್ಲಿ ಕರ್ನಾಟಕ ಸರಕಾರ ‘ಸಾಂತ್ವನ’ ಯೋಜನೆಯನ್ನು ಪ್ರಾರಂಭಿಸಿತು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೇಂದ್ರ, ಅಲ್ಲಿ ಒಬ್ಬ ಆಪ್ತಸಲಹೆಗಾರ್ತಿ, ಕೆಲವರು ಸಮಾಜ ಕಾರ್ಯಕರ್ತೆಯರು, ಒಂದು ದೂರವಾಣಿ: ಇಷ್ಟೇ ಅದರ ಬಂಡವಾಳ. ಅದೇ ವರ್ಷ ಹುಟ್ಟಿದ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಹೆಂಗಸರನ್ನು ಒಂದೆಡೆ ಕೂಡಿಸಿದವು. ಹೇಳಿಕೆಗೆ ಅದು ಉಳಿತಾಯದ ಸಭೆ. ಆದರೆ ಈ ವಾರ ಹಣ ಕಟ್ಟಲು ಬಾರದವಳು ಏಕೆ ಬರಲಿಲ್ಲವೆಂದು ವಿಚಾರಿಸಲು ಹೋದವರಿಗೆ ಅವಳ ಊದಿದ ಮುಖ ಕಾಣುತ್ತಿತ್ತು. ಗಿರಣಿ ಕಸಿದುಕೊಂಡ ತಾಣವನ್ನು ಸಂಘ ಹೀಗೆ ಇನ್ನೊಂದು ರೂಪದಲ್ಲಿ ಮರಳಿ ಕೊಟ್ಟಿತು.

ಬ್ಯಾಡಗಿಯ ಮೆಣಸಿನಕಾಯಿಯ ಸುಗ್ಗಿಯನ್ನು ಕಂಡವರಿಗೆ ಗೊತ್ತು. ಕಣ್ಣು ಹಾಯುವತನಕ ಕೆಂಪು ರಾಶಿ. ರಾಶಿಯ ಸುತ್ತ ಸಾಲಾಗಿ ಕುಳಿತು ತೊಟ್ಟು ಬಿಡಿಸುವ ಹೆಂಗಸರು. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಯಾರ ಕಣ್ಣೀರು ಮೆಣಸಿನಕಾಯಿಯದು, ಯಾರದು ರಾತ್ರಿಯದು ಎಂಬುದು ಹೊರಗಿನವರಿಗೆ ತಿಳಿಯದು. ಪಕ್ಕದಲ್ಲಿ ಕುಳಿತವಳಿಗೆ ತಿಳಿಯುತ್ತದೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೂಲಿಹೆಂಗಸರಲ್ಲಿಯೂ ಹೀಗೆಯೇ. ಸರಕಾರದ ಯಾವ ಕೇಂದ್ರಕ್ಕಾಗಲಿ ಮೊದಲ ಸುದ್ದಿ ಮುಟ್ಟಬೇಕಾದರೆ ಇಂಥ ಸಾಲುಗಳಿಂದಲೇ ಮುಟ್ಟಬೇಕು. ಸಮಾಜದ ನೆರವು ಎಂದು ವರದಿಗಳಲ್ಲಿ ಬರೆಯುವುದಕ್ಕೆ ರಕ್ತ ಮಾಂಸದ ರೂಪವೆಂದರೆ ಪಕ್ಕದಲ್ಲಿ ಕುಳಿತ ಈ ಹೆಂಗಸೇ.

೨೦೦೫ರಲ್ಲಿ ಪಾರ್ಲಿಮೆಂಟು ಒಪ್ಪಿ, ೨೦೦೬ರ ಅಕ್ಟೋಬರ್ ೨೬ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಈ ಚರಿತ್ರೆಯ ದೊಡ್ಡ ತಿರುವು. ಇದು ಪೆಟ್ಟನ್ನಷ್ಟೇ ಹಿಂಸೆಯೆಂದು ಎಣಿಸಲಿಲ್ಲ. ಬೈಗುಳ, ಬೆದರಿಕೆ, ದುಡಿದ ಹಣವನ್ನು ಕಸಿಯುವುದು, ಹೊಟ್ಟೆಗೆ ಹಾಕದಿರುವುದು ಇವನ್ನೂ ಸೇರಿಸಿತು. ಹೆಂಡತಿಗಷ್ಟೇ ಅಲ್ಲದೆ ಮನೆಯಲ್ಲಿರುವ ತಾಯಿ, ತಂಗಿಯರಿಗೂ ರಕ್ಷಣೆ ಕೊಟ್ಟಿತು. ಮನೆ ಯಾರ ಹೆಸರಿನಲ್ಲಿದ್ದರೂ ಅವಳನ್ನು ಬೀದಿಗೆ ತಳ್ಳಕೂಡದೆಂದು ಹೇಳಿತು. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ ಸಂರಕ್ಷಣಾಧಿಕಾರಿಗಳನ್ನಾಗಿ ಮಾಡಿದುದರಿಂದ, ಅಂಗನವಾಡಿಗೆ ಕೂಸನ್ನು ಬಿಡಲು ಹೋದ ತಾಯಿ ಅಲ್ಲಿಂದಲೇ ದಾರಿ ಕೇಳಿ ಹೋಗುವಷ್ಟು ಹತ್ತಿರಕ್ಕೆ ಕಾಯಿದೆ ಬಂದಿತು.

ಆದರೆ ನನಗೆ ಎಲ್ಲಕ್ಕಿಂತ ಮಿಗಿಲಾಗಿ ಕಂಡದ್ದು ೨೦೦೬ರ ನಿಯಮಗಳಲ್ಲಿ ಅಡಗಿರುವ ಒಂದು ಚಿಕ್ಕ ಮಾತು. ಮ್ಯಾಜಿಸ್ಟ್ರೇಟರು ಇಬ್ಬರನ್ನೂ ಒಟ್ಟಾಗಿಯೋ ಬೇರೆಬೇರೆಯಾಗಿಯೋ ಆಪ್ತಸಲಹೆಗೆ ಕಳಿಸಬಹುದು. ಸಲಹೆಗಾರರು ಈ ವ್ಯಾಜ್ಯದಲ್ಲಿ ಹಿತಾಸಕ್ತಿಯುಳ್ಳವರಾಗಲಿ ಎರಡು ಕಡೆಯ ನಂಟರಾಗಲಿ ಆಗಿರಕೂಡದು. ಆದಮಟ್ಟಿಗೆ ಹೆಂಗಸರೇ ಆಗಿರಬೇಕು. ಅಲ್ಲಿ ಗಂಡನು ತಾನು ಹೊಡೆದುದಕ್ಕೆ ಸಮರ್ಥನೆ ಹೇಳುವಂತಿಲ್ಲ. ಹಾಗೆ ಹೇಳಲು ಅವಕಾಶವಿಲ್ಲವೆಂಬುದನ್ನು ಮಾತು ಪ್ರಾರಂಭವಾಗುವ ಮುಂಚೆಯೇ ಅವನಿಗೆ ತಿಳಿಸಬೇಕು. ಸಲಹೆಯ ಗುರಿ ಇನ್ನು ಮುಂದೆ ಹಿಂಸೆ ನಡೆಯದೆಂಬ ಭರವಸೆ ಪಡೆಯುವುದು.

ಹಿರಿಯರ ಕಟ್ಟೆಯನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಅಲ್ಲಿ ಇಡೀ ಸಭೆ ನಡೆಯುತ್ತಿದ್ದುದೇ ಸಮರ್ಥನೆಯನ್ನು ಹುಡುಕುವುದಕ್ಕಾಗಿ. ಏಕೆ ಹೊಡೆದ ಎಂಬುದು ಅಲ್ಲಿಯ ಪ್ರಶ್ನೆ. ಹೊಡೆತ ಹೇಗೆ ನಿಲ್ಲುವುದು ಎಂಬುದು ಇಲ್ಲಿಯ ಪ್ರಶ್ನೆ. ಮೇಲುನೋಟಕ್ಕೆ ಎರಡು ಕಡೆಯೂ ನಡೆಯುವುದು ಮಾತುಕತೆಯೇ. ಆದರೆ ಬುದ್ಧಿ ಹೇಳುವವನು ತಾನು ಮಾತನಾಡಲು ಕೂಡುತ್ತಾನೆ. ಸಾಂತ್ವನ ಹೇಳುವವಳು ಮೊದಲು ಕೇಳಲು ಕೂಡುತ್ತಾಳೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ನಮಗೆ ಇಷ್ಟೊಂದು ಶತಮಾನಗಳು ಬೇಕಾದುವು. ಇಂದಿಗೂ ಎಷ್ಟೋ ಕಡೆ ಹೊಸ ಕೇಂದ್ರದ ಹಲಗೆಯ ಕೆಳಗೆ ಹಳೆಯ ಕಟ್ಟೆಯೇ ನಡೆಯುವುದುಂಟು. ಹೊಂದಿಕೊಂಡು ಹೋಗಮ್ಮ ಎಂಬ ಮಾತು ಖಾದಿ ಸೀರೆಯುಟ್ಟವಳ ಬಾಯಿಂದ ಬಂದರೂ ಅದು ಬುದ್ಧಿ ಹೇಳುವುದೇ ಹೊರತು ಆಪ್ತಸಲಹೆಯಾಗಲಾರದು. ಮನೆಗೆ ಮರಳುವುದೋ ಬಿಡುವುದೋ ಎಂಬ ತೀರ್ಮಾನ ಅವಳದು. ಮರಳಿದರೆ ಜೀವಕ್ಕೆ ಭಯವಿಲ್ಲದಂತೆ ನೋಡಿಕೊಳ್ಳುವ ಹೊಣೆ ಉಳಿದವರದು.

ಗಂಡಸರ ಕಡೆಯಿಂದ ಒಂದು ಆಕ್ಷೇಪಣೆಯಿದೆ: ಕಾಯಿದೆಯ ದುರುಪಯೋಗವಾಗುತ್ತದೆ, ಮುದಿ ಅತ್ತೆ ಮಾವಂದಿರನ್ನೂ ಎಳೆಯುತ್ತಾರೆ ಎಂದು. ಈ ಮಾತನ್ನು ಹಾರಿಸಿಬಿಡಲಾಗದು. ಸುಪ್ರೀಂ ಕೋರ್ಟೂ ೨೦೧೪ರಲ್ಲಿ ಇಂಥ ಮೊಕದ್ದಮೆಗಳಲ್ಲಿ ವಿಚಾರಿಸದೆ ದಸ್ತಗಿರಿ ಮಾಡಕೂಡದೆಂದು ಪೊಲೀಸರಿಗೆ ತಾಕೀತು ಮಾಡಿದೆ. ಆದರೆ ಅದರೆದುರಿಗೆ ಮತ್ತೊಂದು ಲೆಕ್ಕವನ್ನೂ ಇಡಬೇಕು. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ೧೮ರಿಂದ ೪೯ ವರ್ಷದ ಹೆಂಗಸರಲ್ಲಿ ಗಂಡನ ಹಿಂಸೆಗೆ ಒಳಗಾದೆವೆಂದು ಹೇಳಿದವರು ಕರ್ನಾಟಕದಲ್ಲಿ ನೂರಕ್ಕೆ ೪೪.೪, ಇದು ದೇಶದ ರಾಜ್ಯಗಳಲ್ಲೆಲ್ಲ ಹೆಚ್ಚು. ದೇಶದಲ್ಲಿ ಹಿಂಸೆಗೆ ಒಳಗಾದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ನೂರಕ್ಕೆ ೧೪ ಮಂದಿ. ಸುಳ್ಳು ಫಿರ್ಯಾದು ಹೇಳುವವರ ಮಾತು ಪತ್ರಿಕೆಗೆ ಬರುತ್ತದೆ. ನಿಜವನ್ನೂ ಹೇಳದೆ ನುಂಗಿಕೊಳ್ಳುವ ಎಂಬತ್ತಾರು ಮಂದಿಯ ಮಾತು ಎಲ್ಲಿಯೂ ಬರುವುದಿಲ್ಲ.

ಈ ಮೌನಕ್ಕೆ ಭಯ ಒಂದು ಕಾರಣ. ಹೇಳಿದರೆ ಮುಂದೇನು ಎಂಬುದಕ್ಕೆ ಉತ್ತರವಿಲ್ಲದಿರುವುದು ಇನ್ನೊಂದು. ಆ ರಾತ್ರಿ ಮಕ್ಕಳೊಡನೆ ತಂಗಲು ಒಂದು ಮಾಳಿಗೆ, ಮರುದಿನ ಕೂಲಿ, ಮಕ್ಕಳ ಶಾಲೆ, ಗಂಡನ ಕುಡಿತಕ್ಕೆ ಚಿಕಿತ್ಸೆ ಇವಿಷ್ಟೂ ಕೈಗೆಟುಕಿದರೆ ಮಾತ್ರ ಬಾಯಿ ಬಿಡಲು ಧೈರ್ಯ ಬರುತ್ತದೆ. ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾದಾಗ ಹೆಂಗಸರು ಹರ್ಷಪಟ್ಟರು. ಕುಡಿತ ಬೇರೆ ಬಾಟಲಿಗೆ ಹೋಯಿತೇ ಹೊರತು ಊರು ಬಿಡಲಿಲ್ಲ. ೨೦೧೫ರಿಂದ ‘ಸಖಿ’ ಎಂಬ ಹೆಸರಿನಲ್ಲಿ ಜಿಲ್ಲೆಗಳಲ್ಲಿ ವೈದ್ಯ, ವಕೀಲ, ಪೊಲೀಸು, ಸಲಹೆ, ತಂಗುವಿಕೆ ಎಲ್ಲವೂ ಒಂದೇ ಸೂರಿನಡಿ ಸಿಕ್ಕಬೇಕೆಂಬ ಯೋಜನೆ ಬಂದಿದೆ. ೧೮೧ ಎಂಬ ದೂರವಾಣಿ ಸಂಖ್ಯೆಯೂ ಇದೆ. ಸಂರಕ್ಷಣಾಧಿಕಾರಿಯಾದವರ ತಲೆಯ ಮೇಲೆ ಅಂಗನವಾಡಿ, ಪೌಷ್ಟಿಕ ಆಹಾರ ಮೊದಲಾದ ಹತ್ತು ಹೊರೆಗಳು ಇರುವಾಗ ಹನ್ನೊಂದನೆಯದಕ್ಕೆ ಎಷ್ಟು ಹೊತ್ತು ಮಿಕ್ಕೀತು ಎಂಬುದನ್ನು ಆಳುವವರು ಯೋಚಿಸಬೇಕು.

ಉಳಿದದ್ದು ನಮ್ಮ ಪಾಲು. ೨೦೦೫ರ ಕಾಯಿದೆಯ ನಾಲ್ಕನೆಯ ಕಲಮು ಒಂದು ವಿಶೇಷವನ್ನು ಹೇಳುತ್ತದೆ: ಹಿಂಸೆ ನಡೆದಿದೆ, ನಡೆಯುತ್ತಿದೆ, ನಡೆಯುವ ಸಂಭವವಿದೆ ಎಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರದು. ನೆರೆಯವರು, ಶಾಲೆಯ ಮಾಸ್ತರರು, ಅಂಗಡಿಯವರು, ಬಾಡಿಗೆಯ ಮನೆಯ ಮಾಲೀಕರು ಯಾರಾದರೂ ಸರಿ. ನಡುವಣ ಗೋಡೆ ತೆಳುವಾದ ಇಂದಿನ ಪೇಟೆಯ ಮನೆಗಳಲ್ಲಿ ಪಕ್ಕದ ಮನೆಯ ಕೂಗು ಕೇಳಿಸಲಿಲ್ಲವೆನ್ನುವುದು ಕಷ್ಟ. ಕೇಳಿಸಿದಾಗ ನಾವು ರೇಡಿಯೋದ ಸದ್ದನ್ನೋ ದೂರದರ್ಶನದ ಸದ್ದನ್ನೋ ಸ್ವಲ್ಪ ಏರಿಸುತ್ತೇವೆ. ಕಾಯಿದೆ ಏನನ್ನೂ ಬಲವಂತ ಮಾಡುವುದಿಲ್ಲ; ಕೇಳಿಸಿತೆಂದು ಹೇಳುವ ಅಧಿಕಾರವನ್ನು ಮಾತ್ರ ಕೊಡುತ್ತದೆ.

ಪೆಣ್ಬುಯ್ಯಲಿಗೆ ಓಡಿದವನು ಪ್ರಾಣ ಕೊಡಬೇಕಾಗಿತ್ತು. ಇಂದು ಬೇಕಾದದ್ದು ಬಾಗಿಲನ್ನೊಮ್ಮೆ ತಟ್ಟುವುದು, ಒಂದು ಸಂಖ್ಯೆಗೆ ಕರೆ ಮಾಡುವುದು, ಒಬ್ಬಳನ್ನು ಕೂಡಿಸಿಕೊಂಡು ಅವಳು ಹೇಳಿದಷ್ಟನ್ನು ನಡುವೆ ಬಾಯಿ ಹಾಕದೆ ಕೇಳುವುದು. ಇದಕ್ಕೆ ಯಾರೂ ಕಲ್ಲು ನಿಲ್ಲಿಸಲಾರರು. ನಿಲ್ಲಿಸಬೇಕಾದ ಅಗತ್ಯವೂ ಇಲ್ಲ. ಮರುದಿನ ಬೆಳಿಗ್ಗೆ ಆ ಮನೆಯ ಮಕ್ಕಳು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟರೆ ಸಾಕು.